ಅಂಕಿತವಿಲ್ಲದ ಹಾಡು

ನನ್ನ ಸ್ವಂತ ಹಾಡುಗಳ ಮೊದಲ ಕಾರ್ಯಕ್ರಮ ನಡೆದದ್ದು ಯಾದಗಿರಿಯ ಒಂದು ಟ್ಯೂಷನ್ ಕೋಣೆಯಲ್ಲಿ. ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದೆವು. ಬಂದವರು ಎಲ್ಲ ಸೇರಿ ಒಂದು ಟಂಟಂ ಆಟೋ ತುಂಬುವಷ್ಟು ಜನ. ನಮ್ಮ ಕಡೆ ಟಂಟಂ ತುಂಬುವ ಲೆಕ್ಕವೇ ಬೇರೆ, ಡ್ರೈವರನ ಎರಡೂ ಬದಿಗೆ ಜೋತುಬಿದ್ದವರನ್ನೂ ಹಿಡಿದು ಹೇಳುತ್ತಿದ್ದೇನೆ. ಎರಡನೆಯ ಸಾಲಿನಲ್ಲಿ ಅವ್ವ ಕಾಲು ಮಡಚಿ ಕೂತಿದ್ದಳು. ಓಣಿಯ ಹೆಣ್ಣುಮಕ್ಕಳ ಭಜನಾ ಮೇಳಕ್ಕೆ ಅವಳೇ ಮುಂದಾಳು. ಹಾಡು ಅಂದರೆ ಏನು ಎಂಬ ವಿಷಯದಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

ಕೊನೆಗೆ ನನಗೆ ತೀರಾ ಇಷ್ಟವಾದ ಹಾಡನ್ನು ಇಟ್ಟುಕೊಂಡಿದ್ದೆ. ತವರಿಗೆ ಬಂದು ಗಂಡನ ಮನೆಗೆ ಹೊರಟ ಹೆಣ್ಣೊಬ್ಬಳು ಬಸ್ಸು ಹತ್ತಿದ ಮೇಲೆ ಏನೋ ಮರೆತಿದ್ದೇನೆ ಅಂದುಕೊಳ್ಳುವ ಹಾಡು. 'ತಡಿ ತಮ್ಮಾ ಗಾಡಿ ತಡಿ, ಗಂಟೊಂದು ಉಳದದ ಮನಿಯಾಗ' ಎಂದು ಅದರ ಪಲ್ಲವಿ. ಒಂದು ನುಡಿಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ತೊಗರಿಬೇಳೆಯ ಗಂಟು, ಮೂರನೆಯದರಲ್ಲಿ ತಾಯಿ ಹೇಳಬೇಕೆಂದು ಹೇಳದೇ ಬಿಟ್ಟ ಮಾತಿನ ಗಂಟು. ಅಲ್ಲಿಗೆ ಹಾಡು ನಿಲ್ಲುತ್ತದೆ. ಗಿಟಾರಿನ ತಂತಿಯನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಮೀಟುತ್ತ ಕಡೆಯ ಮಾತನ್ನು ಗಾಳಿಗೆ ಬಿಟ್ಟು ಕಣ್ಣು ಮುಚ್ಚಿದೆ. ಅದು ನಾನು ಮೊಬೈಲಿನಲ್ಲಿ ನೋಡಿ ನೋಡಿ ಕಲಿತ ಶೋಕಿ.

ಕಣ್ಣು ತೆರೆದರೆ ಯಾರೂ ಚಪ್ಪಾಳೆ ತಟ್ಟಿಲ್ಲ. ತಾಟಿಗೆ ಪಲ್ಯ ಬಡಿಸಿ ರೊಟ್ಟಿ ತರಲು ಒಳಗೆ ಹೋದವರನ್ನು ಕಾಯುವ ಹಾಗೆ ಎಲ್ಲರೂ ನನ್ನ ಮುಖ ನೋಡುತ್ತ ಕೂತಿದ್ದಾರೆ.

"ಮುಗೀತೇನವ್ವ?" ಎಂದಳು ಅವ್ವ, ಎರಡನೆಯ ಸಾಲಿನಿಂದಲೇ.

"ಮುಗೀತು."

"ಹಂಗಾರ ಅಂಕಿತ ಎಲ್ಲಿ ಅದ?"

ಜಮಖಾನದ ತುಂಬ ನಗು ಹರಿಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಗಿಟಾರನ್ನು ಡಬ್ಬಿಗೆ ಹಾಕಿ, ಚಹಾ ಕುಡಿಯದೇ ಮನೆಗೆ ಬಂದೆ.

ಅವ್ವನದು ಚೇಷ್ಟೆಯಲ್ಲ, ಅದು ನನಗೂ ಗೊತ್ತಿತ್ತು. ಅವಳ ಮೇಳದಲ್ಲಿ ಹಾಡುವ ತತ್ವಪದ, ಭಜನೆ ಪದ, ಯಾವುದೇ ಇರಲಿ, ಕಡೆಯ ನುಡಿಯಲ್ಲಿ ಅಂಕಿತ ಬರಬೇಕು. ಗುರುವಿನದೋ ದೇವರದೋ ಹೆಸರು. ಅದು ಬಂದಾಗ ಪದ ಯಾರದು ಎಂದು ತಿಳಿಯುತ್ತದೆ, ಪದ ಮುಗಿಯಿತು ಎಂದೂ ತಿಳಿಯುತ್ತದೆ. ಆಮೇಲೆ ಮೇಳವೆಲ್ಲ ಪಲ್ಲವಿಗೆ ತಿರುಗಿ, ಲಯ ಏರಿಸಿ, ತಾಳ ಗಲಗಲ ಬಾರಿಸಿ, ಒಂದೇ ಏಟಿಗೆ ನಿಲ್ಲಿಸುತ್ತದೆ. ಅಲ್ಲಿಯ ತನಕ ಕೂತವರು ಕೂತೇ ಇರುತ್ತಾರೆ. ಇದನ್ನೆಲ್ಲ ಕೇಳುತ್ತಲೇ ಬೆಳೆದವಳು ನಾನು. ಆದರೂ ಗಾಳಿಗೆ ಬಿಡುವ ಹಾಡು ಕಟ್ಟಿಕೊಂಡು ಬಂದಿದ್ದೆ.

ಅದಕ್ಕೂ ಮೊದಲು ಹಲವು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ಹಾಡುತ್ತಿದ್ದೆ. ಅಲ್ಲಿ ಯಾರೂ ಹಾಡು ಯಾರದು ಎಂದು ಕೇಳುವುದಿಲ್ಲ, ಕುಣಿಯಲು ಬಂದರೆ ಸಾಕು. ಒಂದು ದಿನ ಸಾಕೆನಿಸಿ ಬಿಟ್ಟೆ. ನನ್ನ ಮಾತು, ನನ್ನ ಧಾಟಿ, ನನ್ನ ಗಿಟಾರು, ಇಷ್ಟನ್ನು ಹೊತ್ತುಕೊಂಡು ಬಸ್ಸು ಹೋಗುವ ಊರಿಗೆಲ್ಲ ಹೋಗುತ್ತೇನೆ ಎಂದಾಗ ನೆಂಟರೆಲ್ಲ ತಲೆಗೊಂದು ಬುದ್ಧಿ ಹೇಳಿದರು. ಅವ್ವ ಮಾತ್ರ ತಡೆಯಲಿಲ್ಲ. ಆದರೆ ನಾನು ಕಟ್ಟಿದ್ದನ್ನು ಅವಳು ಒಮ್ಮೆಯೂ 'ಪದ' ಅನ್ನಲಿಲ್ಲ. 'ನಿನ್ನ ಅವು' ಅನ್ನುತ್ತಿದ್ದಳು. ನಿನ್ನ ಅವು ಎಲ್ಲೆಲ್ಲಿ ಹಾಡಿದಿ, ನಿನ್ನ ಅವಕ್ಕ ಜನ ಬಂದಿದ್ದರೇನು. ಬೇರೆ ಯಾರು ಏನೇ ಅನ್ನಲಿ, ನನ್ನದೊಂದು ಪದ ಅವಳ ಬಾಯಲ್ಲಿ, ಅವಳ ಮೇಳದಲ್ಲಿ ಬರಬೇಕು ಎಂಬುದೊಂದೇ ಹಟ ನನಗೆ ಹತ್ತಿಕೊಂಡಿತು.

ಟ್ಯೂಷನ್ ಕೋಣೆಯ ಮರುದಿನ ಅವಳು ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಕೂತು ಕೇಳಿಯೇ ಬಿಟ್ಟೆ. "ಅಂಕಿತ ಹಾಕಿದ್ರ ಸೋಮವಾರ ನಿಮ್ಮ ಮೇಳದಾಗ ಹಾಡ್ತೀಯೇನು?"

"ಹಾಡಲಾರದ ಏನು ಮಾಡಲಿ. ಹಾಕು."

ಹಾಕಿದೆ. ಮನೆದೇವರ ಹೆಸರನ್ನು ಪ್ರಾಸಕ್ಕೆ ಸರಿಯಾಗಿ ಕೂಡಿಸಿ, ಸಂಜೆ ಹಾಡಿ ತೋರಿಸಿದೆ. ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ಯಾರು ಕೊಟ್ರು ನಿನಗ ಇದನ್ನ?"

"ಯಾರು ಕೊಡಬೇಕು? ನಾನೇ ಇಟ್ಕೊಂಡೀನಿ."

"ಅಂಕಿತ ಇಟ್ಕೊಳ್ಳಾದಲ್ಲವ್ವ, ಕೊಡಾದು. ಗುರು ಕೊಡಬೇಕು. ನೀ ಗುರುವಿಗಿ ಕಂಡೀಯೇನು? ದೇವರಿಗಿ ಕೇಳೀಯೇನು? ಅಂಗಡ್ಯಾಗ ಸೀರಿ ತಗೊಂಡಂಗ ತಗೊಂಡು ಬಂದು ಉಟ್ಟೀದಿ."

ಸಿಟ್ಟಿಗೆ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಯಾಕೆಂದರೆ ಹಾಡುವಾಗ ನನಗೂ ಆ ಸಾಲು ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ ಕಚ್ಚುತ್ತಿತ್ತು. ನನಗೆ ದೀಕ್ಷೆಯಿಲ್ಲ, ಗುರುವಿಲ್ಲ. ನನ್ನ ಹಾಡುಗಳಲ್ಲಿ ಬರುವುದು ಬಸ್ಸು, ಬೇಳೆ, ಗಂಟು. ಮರುದಿನ ಆ ಸಾಲನ್ನು ಕಿತ್ತು ಹಾಕಿದೆ.

ಆಮೇಲೆ ತಿರುಗಾಟ ಶುರುವಾಯಿತು. ಶಾಲೆಯ ಗ್ಯಾದರಿಂಗು, ಗೃಹಪ್ರವೇಶ, ಬುದ್ಧವಿಹಾರದ ಅಂಗಳ, ಕಾಲೇಜು ಹುಡುಗಿಯರ ಹಾಸ್ಟೆಲು, ಚಹಾದಂಗಡಿಯ ಮಾಳಿಗೆ. ಕರೆದವರ ಮನೆಯಲ್ಲೇ ಊಟ, ಸಿಕ್ಕ ಬಸ್ಸಿಗೆ ವಾಪಸ್ಸು. ಗಿಟಾರಿನ ಕಪ್ಪು ಡಬ್ಬಿ ಇದೆಯಲ್ಲ, ಅದು ನನಗಿಂತ ಬೇಗ ಎಲ್ಲರಿಗೂ ಪರಿಚಯವಾಯಿತು. ಭೀಮಾ ಸೇತುವೆ ದಾಟುವುದರೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುವರು: ಅದರಾಗ ಏನದ ರೀ, ಮಷೀನ್ ಅದ ಏನು? ಒಬ್ಬ ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿಯಲು ಹೊರಟು, ಡಬ್ಬಿಯ ವಯಸ್ಸು ಎಷ್ಟು ಎಂದು ನನ್ನನ್ನು ಕೇಳಿ ಬಸ್ಸನ್ನೆಲ್ಲ ನಗಿಸಿದ. ಗುರುಮಠಕಲ್‌ನಲ್ಲಿ ಅರ್ಧ ಸಭೆ ತೆಲುಗಿನಲ್ಲಿ ಒಂದು ಹಾಡಿ ಎಂದು ಹಟ ಹಿಡಿಯಿತು. ನನಗೆ ಬರುವ ತೆಲುಗು ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವಷ್ಟು ಮಾತ್ರ. ಅದನ್ನೇ ರಾಗವಾಗಿ ಹಾಡಿದೆ, ಆ ದಿನ ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು.

ಆದರೆ ಗಂಟಿನ ಹಾಡು ಮುಗಿಯುವಾಗ ಮಾತ್ರ ಎಲ್ಲ ಕಡೆ ಅದೇ ಪಾಡು. ಕಕ್ಕೇರಾದಲ್ಲಿ ಹಾಡಿ ಮುಗಿಸಿ ಕೂತರೆ ಜನ ಕಾಯುತ್ತಲೇ ಇದ್ದರು. ಕೊನೆಗೆ ಕೈಮುಗಿದು "ಶರಣ್ರಿ" ಎಂದಾಗ ಮುಂದೆ ಕೂತಿದ್ದ ಅಜ್ಜ "ಯಾಕ್ರಿ, ಗಂಟಲ ಕಟ್ಟಿತೇನು, ನೀರ ತರಸಲಾ?" ಎಂದು ಮರುಗಿದ. ಅಂದಿನಿಂದ ಆ ಹಾಡನ್ನು ಕೊನೆಗೆ ಹಾಡುವುದನ್ನೇ ಬಿಟ್ಟು, ನಡುವೆ ಎಲ್ಲೋ ತುರುಕಿ, ಮುಗಿದ ಕೂಡಲೇ ಇನ್ನೊಂದಕ್ಕೆ ಜಿಗಿಯುತ್ತಿದ್ದೆ.

ಶಹಾಪುರದಲ್ಲಿ ಬಸ್ಸು ತಪ್ಪಿದರೆ ನಾನು ಹೋಗುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ರೊಟ್ಟಿ ಕೇಂದ್ರಕ್ಕೆ. ಒಂದು ಉದ್ದನೆಯ ತಗಡಿನ ಕೋಣೆ, ಸಾಲಾಗಿ ಒಲೆಗಳು, ಪ್ರತಿ ಒಲೆಗೂ ಒಬ್ಬ ಹೆಂಗಸು. ಬೆಳಗಿನಿಂದ ಜೋಳದ ರೊಟ್ಟಿ ಬಡಿಯುವುದೇ ಕೆಲಸ. ಎಲ್ಲರ ಕೈ ಒಟ್ಟಿಗೆ ನಡೆಯುವಾಗ ಥಪಥಪ ಸಪ್ಪಳ ಗಲ್ಲಿಯ ಬಾಯಿಗೇ ಕೇಳುತ್ತದೆ. ನಾನು ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಮೂಲೆಯಲ್ಲಿ ಕೂಡುತ್ತಿದ್ದೆ. ಒಮ್ಮೆ ಅವರಲ್ಲಿ ಹಿರಿಯಳಾದ, ಎಲೆಯಡಿಕೆಯಿಂದ ಬಾಯಿ ಕೆಂಪಾದ ಹೆಂಗಸು, "ಡಬ್ಬಿ ಬರೇ ಹೊತ್ತು ತಿರಗತೀರೋ, ತೆಗಿಯೋದೂ ಅದ ಏನು?" ಎಂದು ಕೆಣಕಿದಳು. ತೆಗೆದು ಗಂಟಿನ ಹಾಡು ಹಾಡಿದೆ. ಅವರ ಕೈಗಳು ನಿಲ್ಲಲಿಲ್ಲ, ಆದರೆ ಎರಡನೆಯ ನುಡಿಗೆ ಬರುವಷ್ಟರಲ್ಲಿ ಬಡಿತವೆಲ್ಲ ನನ್ನ ಲಯಕ್ಕೆ ಬಂದಿತ್ತು. ಆರ್ಕೆಸ್ಟ್ರಾದ ಡ್ರಮ್ ಸೆಟ್ ಕೂಡ ನನಗೆ ಅಷ್ಟು ಸುಖ ಕೊಟ್ಟಿರಲಿಲ್ಲ.

"ಮತ್ತೊಮ್ಮಿ ಹಾಡ್ರಿ ಅಕ್ಕಾ, ಬಾಯಾಗ ಕೂಡತಾದ," ಎಂದರು. ಹಾಡಿದೆ. ಇನ್ನೊಮ್ಮೆ ಎಂದರು, ಅದೂ ಆಯಿತು. ಅಷ್ಟರಲ್ಲಿ ಎರಡನೆಯ ಬಸ್ಸೂ ತಪ್ಪಿತು. ಕೊನೆಯಲ್ಲಿ ಅವರೂ ಕಾಯುತ್ತಾರೇನೋ ಎಂದು ಹೆದರಿ, ಡಬ್ಬಿ ಮುಚ್ಚಿ ಅವಸರದಲ್ಲಿ ಹೊರಬಿದ್ದೆ. ಹೆಸರು ಹೇಳಲು ನಾನು ಮರೆತೆ, ಕೇಳಲು ಅವರೂ ಮರೆತರು.

ಅದಾಗಿ ಒಂದು ಸುಗ್ಗಿ ಕಳೆದಿರಬೇಕು. ಸುರಪುರದಲ್ಲಿ ಇಬ್ಬರೂ ಶಾಲೆ ಮೇಷ್ಟರಾಗಿದ್ದ ಗಂಡಹೆಂಡತಿ ತಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ನಾಲ್ಕಕ್ಕೆ ನನ್ನ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವ್ವನ ಅಕ್ಕ ಅದೇ ಊರಿನಲ್ಲಿದ್ದಾಳೆ, ಅವಳನ್ನು ನೋಡುವ ನೆಪದಲ್ಲಿ ಅವ್ವನೂ ಹೊರಟಳು. ನನ್ನ ಹಾಡು ಕೇಳಲು ಬರುತ್ತೇನೆ ಎಂದು ಬಾಯಿ ಬಿಟ್ಟು ಹೇಳಿದರೆ ಅವಳ ಗಂಟೇನು ಹೋಗುತ್ತಿತ್ತೋ. ಶಹಾಪುರದಲ್ಲಿ ಇಳಿದು, ಹಸಿದಿದ್ದೇವೆ, ರೊಟ್ಟಿ ತಿಂದು ಹೋಗೋಣ ಎಂದು ಗಲ್ಲಿಗೆ ತಿರುಗಿದೆವು.

ಥಪಥಪದ ಜೊತೆಗೆ ಹಾಡು ಕೇಳಿಸಿತು. 'ತಡಿ ತಮ್ಮಾ ಗಾಡಿ ತಡಿ...' ನನ್ನ ಕಾಲುಗಳು ಅಲ್ಲೇ ನಿಂತವು. ನಾನಿಲ್ಲದ ಕಡೆ ನನ್ನ ಹಾಡನ್ನು ಮೊದಲ ಸಲ ಕೇಳುತ್ತಿದ್ದೆ. ಎದೆ ಹಿಗ್ಗಿತು, ಸುಳ್ಳು ಯಾಕೆ ಹೇಳಲಿ. ರೊಟ್ಟಿ ಬಂತು, ಬೇಳೆ ಬಂತು, ತಾಯಿಯ ಮಾತು ಬಂತು. ಅಲ್ಲಿಗೆ ಮುಗಿಯಬೇಕಿದ್ದ ಹಾಡು ಮುಗಿಯಲೇ ಇಲ್ಲ.

'ಬಸ್ಸಿಳಿದು ಬಂದಾಳ, ಬಗಲಾಗ ಡಬ್ಬಿ ತಂದಾಳ,
ಡಬ್ಬಿ ಅಕ್ಕ ಹೇಳ್ಯಾಳ, ಗಂಟು ಬಿಚ್ಚಿ ಕೊಟ್ಟಾಳ.'

ಅದರ ಹಿಂದೆಯೇ ಪಲ್ಲವಿ, ಏರಿದ ಲಯ, ಎಲ್ಲ ಕೈಗಳೂ ಕೂಡಿ ಒಂದು ದೊಡ್ಡ ಬಡಿತ. ಹಾಡು ನಿಂತಿತು.

ಹಿಗ್ಗಿದ ಎದೆಯಲ್ಲೇ ಸಿಟ್ಟು ಕುದಿಯಿತು. ನನ್ನನ್ನು ಕೇಳದೇ ನನ್ನ ಹಾಡಿಗೆ ಬಾಲ ಹಚ್ಚಿದ್ದಾರೆ, ಅದೂ ಡಬ್ಬಿಯ ಹೆಸರಿನಲ್ಲಿ! ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದೆ.

"ಯಾರ್ರೀ ಈ ಕಡೀ ನುಡಿ ಕೂಡಿಸಿದವ್ರು?"

ಕೆಂಪು ಬಾಯಿಯ ಹಿರಿಯಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ನಿಧಾನಕ್ಕೆ ನನ್ನ ಕಡೆ ನೋಡಿದಳು. "ಬರ್ರಿ ಬರ್ರಿ, ಈಗರ ಬಂದ್ರಿ. ನಾವೇ ಕೂಡಿಸೀವ್ರಿ. ಹಾಡಿ ಹಾಡಿ ಅಲ್ಲಿಗಿ ಬಂದು ನಿಂತ್ರ ಕೈಯೂ ನಿಂತು ರೊಟ್ಟಿ ಕರಿ ಆಗಾಕತ್ತಿದ್ವು. ಪದಕ್ಕ ಅಂಕಿತ ಬೇಕಲ್ರಿ. ನಿಮ್ಮ ಹೆಸರ ಗೊತ್ತಿಲ್ಲ. ಇಲ್ಲಿ ನಾವೆಲ್ಲ ನಿಮಗ ಡಬ್ಬಿ ಅಕ್ಕ ಅಂತೀವಿ, ಅದನ್ನೇ ಹಾಕೀವಿ. ತಪ್ಪಾತೇನು?"

ಗುರುವಿನ ಹೆಸರು ಸಿಗದ, ದೇವರ ಹೆಸರು ಒಗ್ಗದ ನನಗೆ ಡಬ್ಬಿ ಸಿಕ್ಕಿತ್ತು. ಹಿಂದಿನಿಂದ ಒಂದು ನಗು ಕೇಳಿಸಿತು. ಅವ್ವ ಬಾಗಿಲಿಗೆ ಒರಗಿ, ಸೆರಗನ್ನು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನನ್ನ ಸಿಟ್ಟು ಇನ್ನೂ ಒಂದು ಮೆಟ್ಟಿಲು ಏರಿತು.

"ನಗು, ನಗು. ಡಬ್ಬಿ ಅಂತ, ಡಬ್ಬಿ."

ಅವ್ವ ಕಣ್ಣು ಒರೆಸಿಕೊಂಡಳು. "ಏ ಖೋಡಿ, ನಾ ಏನು ಹೇಳಿದ್ದೆ ನಿನಗ? ಇಟ್ಕೊಳ್ಳಾದಲ್ಲ, ಕೊಡಾದು ಅಂದಿದ್ದೆ. ಕೊಟ್ಟಾರ. ಕೊಟ್ಟದ್ದಕ್ಕ ಹೆಸರಿಡತೀಯೇನು? ತಗೋ, ಕಣ್ಣಿಗೊತ್ತಿಕೋ."

ಹಾಗೆಂದು ನನ್ನನ್ನು ದಾಟಿ ಒಳಗೆ ಹೋಗಿ, ಹಿರಿಯಳ ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕೈಗೆ ಹಿಟ್ಟಿನ ಉಂಡೆ ತೆಗೆದುಕೊಂಡಳು. "ಯವ್ವಾ, ಆ ಪದ ಒಂದ್ಸಲ ಹೇಳಿಕೊಡು ನೋಡೂನು. ಮೊದಲಿಂದ," ಎಂದಳು.

ಪದ ಎಂದಳು. ಅದನ್ನು ಕಟ್ಟಿದವಳು ಮೂರು ಮಾರು ದೂರದಲ್ಲಿ ನಿಂತಿದ್ದರೂ ಅವ್ವ ಅವರ ಬಾಯಿಂದಲೇ ಕಲಿತಳು. ನಾನು ಚಪ್ಪಲಿ ಬಿಟ್ಟು ಬಂದು ಮೂಲೆಯಲ್ಲಿ ಕೂತು ರೊಟ್ಟಿ ತಿಂದೆ. ಮೂರು ತಿಂದೆನೋ ನಾಲ್ಕೋ, ನೆನಪಿಲ್ಲ, ಹಸಿವೂ ಇತ್ತು, ಖುಷಿಯೂ ಇತ್ತು.

ಸುರಪುರದ ಪಡಸಾಲೆಯಲ್ಲಿ ಆ ಸಂಜೆ ಗಂಟಿನ ಹಾಡನ್ನು ಮತ್ತೆ ಕೊನೆಗೆ ಇಟ್ಟುಕೊಂಡೆ. 'ಡಬ್ಬಿ ಅಕ್ಕ' ಎಂದು ನನ್ನ ಬಾಯಿಂದಲೇ ಹಾಡಲು ಮೊದಲು ನಾಚಿಕೆಯಾಗಿ ದನಿ ತುಸು ತೊಡರಿತು. ಮುಂದೆ ಕೂತವರು ನನ್ನ ಡಬ್ಬಿ ನೋಡಿ ನಕ್ಕರು. ಅವ್ವ ಎರಡನೆಯ ಸಾಲಿನಲ್ಲಿದ್ದಳು, ದೊಡ್ಡವ್ವನ ಪಕ್ಕದಲ್ಲಿ. ಮುಗಿಯಿತೇನು ಎಂದು ಕೇಳಲಿಲ್ಲ. ಚೀಲದಿಂದ ತಾಳ ತೆಗೆದು, ನನಗಿಂತ ಮೊದಲು ಪಲ್ಲವಿ ಎತ್ತಿಕೊಂಡಳು. ಪಡಸಾಲೆ ಎಲ್ಲ ಅವಳ ಹಿಂದೆ ಹೋಯಿತು, ನಾನೂ ಹೋದೆ. ತಾಳವನ್ನು ಅವಳು ಊರಿಂದಲೇ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು ಎಂಬುದು ನನಗೆ ಹೊಳೆದದ್ದು ವಾಪಸ್ಸು ಬಸ್ಸಿನಲ್ಲಿ.

ಮುಂದಿನ ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಭಜನೆ. ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುತ್ತಿದ್ದೆ. ಹಳೆಯ ಪದಗಳು ಒಂದೊಂದಾಗಿ ಆದವು. ಆಮೇಲೆ ಅವ್ವ ಗಂಟಲು ಸರಿಮಾಡಿಕೊಂಡು ಗಂಟಿನ ಪದ ಎತ್ತಿಕೊಂಡಳು. ನಾನು ಸೋಸುವುದನ್ನು ನಿಲ್ಲಿಸಿದೆ. ಅಂಕಿತ ಬಂತು, ಲಯ ಏರಿತು, ತಾಳ ಗಲಗಲಿಸಿ ನಿಂತಿತು. ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳ ದನಿ ಕೇಳಿಸಿತು:

"ಭಾಳ ಛಲೋ ಅದರಿ. ಈ ಪದ ಯಾರದು?"

ನನ್ನ ಮಗಳದು ಎಂದು ಅವ್ವ ಹೇಳುತ್ತಾಳೆ ಎಂದು ಸೋಸಣಿಗೆ ಹಿಡಿದುಕೊಂಡೇ ಕಾದೆ.

"ಅಂಕಿತ ಕೇಳಲಿಲ್ಲೇನು ನೀ?" ಎಂದಳು ಅವ್ವ. "ಡಬ್ಬಿ ಅಕ್ಕನ ಪದ ಅದು."