ಮಗುವಿನ ಮುಖದ ಮೇಲಿನ ಶಾಲು

ನನ್ನ ಮಗಳಿಗೆ ಹಾಲು ಕಡಿಮೆ ಇರಲಿಲ್ಲ. ಮನೆಯಲ್ಲಿ ಜನ ಜಾಸ್ತಿ ಇದ್ದರು, ಅಷ್ಟೇ. ಈ ಮಾತನ್ನು ಒಪ್ಪದವರು ನಮ್ಮ ನೆಂಟರಲ್ಲಿ ಇವತ್ತಿಗೂ ಇದ್ದಾರೆ. ಒಪ್ಪದಿದ್ದರೆ ಬೇಡ.

ಹೆರಿಗೆಯಾದ ಮೇಲೆ ಮಗಳು ಬಾಣಂತನಕ್ಕೆ ಲಗ್ಗೆರೆಯ ನಮ್ಮ ಮನೆಗೇ ಬಂದಳು. ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ಎಲ್ಲರೂ ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸ ಮಾಡುವವರು. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಯಾರಿಗೋ ಒಬ್ಬರಿಗೆ ಬಿಡುವು. ಮಗು ನೋಡಲು ಬರುವುದು, ನಡುಮನೆಯಲ್ಲಿ ಕೂರುವುದು, ಕಾಫಿ ಕುಡಿಯುವುದು. ಮಗು ಅತ್ತರೆ ಎಲ್ಲರದೂ ಒಂದೇ ರಾಗ: "ಹಾಲು ಸಾಲ್ತಿಲ್ಲ ಕಣಕ್ಕಾ."

ಮಗಳ ಮೊಲೆತೊಟ್ಟು ಒಡೆದು ರಕ್ತ ಜಿನುಗುತ್ತಿತ್ತು. ಮಗು ಬಾಯಿ ಹಾಕಿದರೆ ಸಾಕು, ಹಲ್ಲು ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಮಗು ಚೀಪಿ ಚೀಪಿ ಸುಸ್ತಾಗಿ ನಿದ್ದೆ ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಚೀರುತ್ತಿತ್ತು. ತೂಕ ಇಳಿದಿದೆ, ನಾಳಿದ್ದು ಕರೆದುಕೊಂಡು ಬನ್ನಿ, ಆಗಲೂ ಏರದಿದ್ದರೆ ಜೊತೆಗೆ ಪುಡಿ ಹಾಲು ಶುರು ಮಾಡೋಣ ಎಂದು ಡಾಕ್ಟರಮ್ಮ ಹೇಳಿದ್ದರು. ಪುಡಿ ಹಾಲೇನು ವಿಷವಲ್ಲ, ಬೇಕಾದ ಮಗುವಿಗೆ ಕೊಡಲೇಬೇಕು. ಆದರೆ ತನ್ನ ಹಾಲನ್ನೇ ಕುಡಿಸಬೇಕು ಅನ್ನುವುದು ಮಗಳ ಆಸೆ.

ಅವತ್ತು ಮಧ್ಯಾಹ್ನ ಮಗಳ ಅತ್ತೆ, ರಾಣೆಬೆನ್ನೂರಿನ ಕಡೆಯವರು, ಪುಡಿ ಡಬ್ಬ ಬಾಟಲಿ ಎರಡನ್ನೂ ತಂದು ಮೇಜಿನ ಮೇಲಿಟ್ಟರು.

"ಕೂಸು ಹಸದೈತ್ರಿ ಬೀಗರ. ನಾಳಿದ್ದ ಅಂತ ಯಾಕ ಕಾಯಬೇಕು?"

ಅವರದೂ ತಪ್ಪಲ್ಲ. ಮಗಳು ಗೋಡೆಯ ಕಡೆ ತಿರುಗಿ ಅಳತೊಡಗಿದಳು.

"ಅತ್ರೆ ಮಗೀಗೆ ಹೊಟ್ಟೆ ತುಂಬ್ತದಾ? ಮೂಗು ಒರೆಸ್ಕೊಂಡು ಎದ್ದು ಕೂತ್ಕೊ" ಅಂದೆ.

ಆಸ್ಪತ್ರೆಯಲ್ಲಿ ಇದೇ ಮಗು ಚೆನ್ನಾಗಿ ಕುಡಿದಿತ್ತು. ನರ್ಸಮ್ಮ ಹೇಳಿಕೊಡುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಅಲ್ಲಿ ಕುಡಿದದ್ದು ಇಲ್ಲಿ ಯಾಕೆ ಕುಡಿಯುತ್ತಿಲ್ಲ? ಮಗಳು ಮಗುವನ್ನು ಎತ್ತಿಕೊಂಡಳು, ಅಭ್ಯಾಸದಂತೆ ಮೇಲೊಂದು ಶಾಲು ಹೊದ್ದಳು. ಮಗು ಹಾಲು ಕುಡಿಯುವುದನ್ನು ಯಾರೂ ನೋಡಬಾರದು, ದೃಷ್ಟಿಯಾಗುತ್ತದೆ ಎಂದು ಎರಡೂ ಮನೆಯ ಪದ್ಧತಿ. ಶಾಲಿನೊಳಗೆ ಅವಳು, ಕರೆಂಟು ಹೋದಾಗ ಸ್ವಿಚ್ಚು ಹುಡುಕಿದ ಹಾಗೆ, ತಡಕಾಡುತ್ತಿದ್ದಳು. ಮಗುವಿನ ಬಾಯಿ ಎಲ್ಲಿದೆ ಅಂತ ತಾಯಿಗೇ ಕಾಣಿಸದು. ಅದು ಬರೀ ತೊಟ್ಟಿನ ತುದಿ ಕಚ್ಚಿಕೊಂಡು ಎಳೆಯುತ್ತಿತ್ತು.

ನಡುಮನೆಯಲ್ಲಿ ಕೂತವರಿಗೆ ಹೇಳಿದೆ: "ಎಲ್ರೂ ಎದ್ದು ನಡೀರಮ್ಮ. ಕಾಫಿ ಆಮೇಲೆ ಕಳಿಸ್ತೀನಿ."

ಬಾಗಿಲು ಹಾಕಿ ಬಂದು ಶಾಲು ಕಿತ್ತೆ.

"ಅಯ್ಯ, ದೃಷ್ಟಿ ಆಗತೈತ್ರಿ!" ಅಂದರು ಬೀಗಿತ್ತಿ.

"ಯಾರ ದೃಷ್ಟಿ? ಇಲ್ಲಿರೋದು ನಾನು, ನೀವು. ನಿಮ್ಮ ಕಣ್ಣು ಅಷ್ಟು ಕೆಟ್ಟದಾ ಬೀಗ್ರೇ?"

"ನಿಮ್ಮದ ಇರಬೇಕು ನೋಡ್ರಿ" ಎಂದು ನಕ್ಕು ಅವರೇ ಹೋಗಿ ಕಿಟಕಿಯ ಪರದೆ ಎಳೆದರು.

ಮಗುವಿಗೆ ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿದೆ. ಮಗಳ ಬೆನ್ನಿಗೆ ದಿಂಬು ಒತ್ತಿ, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ಮಲಗಿಸಿದೆ. ಮೂಗು ತೊಟ್ಟಿನ ಎದುರಿಗೆ.

"ನೀನು ಬಗ್ಗಬೇಡ ಕಣೇ. ಮಗೂನ ನಿನ್ ಹತ್ರ ತಗೋ. ಬಾಯಿ ನೋಡು. ಈಗ್ಲೇ ಬೇಡ, ಇನ್ನೂ ಅಗಲ ತೆಗೀಲಿ. ಹಾಂ, ಈಗ!"

ಮಗುವಿನ ಗದ್ದ ಮೊದಲು ಎದೆಗೆ ಒತ್ತಿತು. ಬಾಯಿ ತುಂಬ ಹಿಡಿಯಿತು. "ಅಮ್ಮಾ, ನೋವು" ಅಂದಳು. ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಬಿಡಿಸಿ, ಮತ್ತೆ ಮೊದಲಿನಿಂದ ಮಾಡಿಸಿದೆ. ಈ ಸಲ ಕೆಳದುಟಿ ಹೊರಕ್ಕೆ ಮಡಚಿಕೊಂಡಿತ್ತು, ಕೆನ್ನೆ ಉಬ್ಬಿತ್ತು. ಮಗಳು ನನ್ನ ಮುಖ ನೋಡಿದಳು. ಹಲ್ಲು ಕಚ್ಚಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗುಟುಕ್ ಅಂತ ಕೇಳಿಸಿತು. ಮತ್ತೆ ಗುಟುಕ್. ಬೀಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು, "ನುಂಗಾಕತ್ತೈತ್ರಿ!" ಎಂದು ಪಿಸುಗುಟ್ಟಿದರು. ಹೊಟ್ಟೆ ತುಂಬಿದ ಮೇಲೆ ಮಗು ತಾನೇ ಬಾಯಿ ಬಿಟ್ಟು ಹೆಂಡ ಕುಡಿದವರ ಹಾಗೆ ತಲೆ ಹಿಂದಕ್ಕೆ ವಾಲಿಸಿತು. ಬಾಯಂಚಿನಲ್ಲಿ ಹಾಲು. ಮಗಳು ನಗುತ್ತಿದ್ದಳು. ಹೆತ್ತ ಮೇಲೆ ಅವಳು ಹಾಗೆ ನಕ್ಕದ್ದು ನಾನು ನೋಡಿರಲೇ ಇಲ್ಲ. ನನಗಂತೂ ಓಟಿನಲ್ಲಿ ಗೆದ್ದವರ ಹಾಗೆ ಲಗ್ಗೆರೆ ಪೂರ್ತಿ ಮೆರವಣಿಗೆ ಹೊರಡೋಣ ಅನ್ನಿಸಿತು. ಸಂಜೆಯೊಳಗೆ ಮೂತ್ರದ ಬಟ್ಟೆ ಬದಲಿಸಿ ಬದಲಿಸಿ ನನ್ನ ಕೈ ಸೋತವು. ಆಮೇಲೆ ಆಸ್ಪತ್ರೆಯಲ್ಲಿ ನೋಡಿದಾಗ ತೂಕವೂ ಏರಿತ್ತು. ಪುಡಿ ಡಬ್ಬವನ್ನು ಬೀಗಿತ್ತಿಯೇ ಅಂಗಡಿಗೆ ವಾಪಸ್ ಕೊಟ್ಟುಬಂದರು.

ಮಗು ಹಾಗೆ ಹೊಟ್ಟೆ ತುಂಬ ಕುಡಿದ ದಿನದ ಮಾರನೆಯ ಬೆಳಿಗ್ಗೆ ನಾನು ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬಾಣಂತಿಗೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತೆ. ಮೊದಲು ಬಂದವಳು ನನ್ನ ಸ್ವಂತ ಅಕ್ಕ, ಕೈಯಲ್ಲಿ ಹಣ್ಣಿನ ಚೀಲ.

"ಪಕ್ಕಕ್ಕೆ ಸರಿಯೇ, ಮಗು ನೋಡ್ಬೇಕು."

"ಮಗು ಊಟಕ್ ಕೂತೈತೆ. ಮುಂದಿನ್ ತಿಂಗ್ಳು ಬಾ" ಅಂದೆ.

ಹಣ್ಣು ಇಸಿದುಕೊಂಡು ಅವಳನ್ನು ವಾಪಸ್ ಕಳಿಸಿದೆ.