ಓದಿ ಸರ್, ಹೆಸರು ಓದಿ!

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನಾನು ಸಾಮಾನ್ಯವಾಗಿ ನಿದ್ದೆ ಹೋಗುತ್ತೇನೆ. ಕಳೆದ ಶನಿವಾರ ಬೆಳಿಗ್ಗೆಯೂ ಹೆಬ್ಬಾಳ ದಾಟುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ರಿಂಗ್ ರಸ್ತೆಯ ಒಂದು ಕಾಲೇಜಿನ ಗೇಟಿನೆದುರು ಬಸ್ಸು ನಿಂತೇಬಿಟ್ಟಿತು. ಹೊರಗೆ ಇನ್ನೂರು ಮುನ್ನೂರು ಹುಡುಗ ಹುಡುಗಿಯರು ಲಯಬದ್ಧವಾಗಿ ಚಪ್ಪಾಳೆ ತಟ್ಟುತ್ತ ‘ಬೇಕೇ ಬೇಕು, ನ್ಯಾಯ ಬೇಕು’ ಎಂದು ಕೂಗುತ್ತಿದ್ದರು.

“ಏನಂತೆ?” ಎಂದು ಪಕ್ಕದಲ್ಲಿ ಕೂತಿದ್ದ ಹಿರಿಯರನ್ನು ಕೇಳಿದೆ.

“ಯಾವನೋ ಸ್ಟೂಡೆಂಟ್ ಲೀಡರ್ ಅಂತೆ ಕಣಮ್ಮ. ಏನೋ ಮಾಡಿದಾನಂತೆ.”

“ಏನ್ ಮಾಡಿದಾನೆ?”

“ಅದು ಗೊತ್ತಿಲ್ಲ. ಮಾಡಿರೋದಂತೂ ಗ್ಯಾರಂಟಿ.”

ನಾನು ನಕ್ಕೆ. ಆದರೆ ನಗುತ್ತಿರುವಾಗಲೇ ಗಮನಿಸಿದೆ, ನನ್ನ ಬಲಗಾಲು ಬಸ್ಸಿನ ತಗಡಿನ ಮೇಲೆ ಆ ಚಪ್ಪಾಳೆಗೆ ಸರಿಯಾಗಿ ತಾಳ ಹಾಕುತ್ತಿತ್ತು. ಯಾರ ಮೇಲೆ ಕೂಗುತ್ತಿದ್ದಾರೋ ಗೊತ್ತಿಲ್ಲ, ಇಳಿದು ಹೋಗಿ ನಾನೂ ಒಂದು ಸಲ ಕೂಗಿ ಬರೋಣ ಎನ್ನಿಸುತ್ತಿತ್ತು. ಗುಂಪಿನ ಕೂಗಿನಲ್ಲಿ ಎಂಥ ಸುಖವಿದೆ ಎನ್ನುವುದು ಕೂಗಿದವರಿಗೇ ಗೊತ್ತು. ನಾನು ಕೂಗಿದ್ದೇನೆ. ಆ ಕಥೆ ಹೇಳುತ್ತೇನೆ, ಕೇಳಿ.

ಒಂಬತ್ತು ವರ್ಷದ ಹಿಂದಿನ ಮಾತು. ನಾನಾಗ ಯಶವಂತಪುರದ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದೆ. ಆ ವರ್ಷ ವಿದ್ಯಾರ್ಥಿ ಪ್ರತಿನಿಧಿಯ ಚುನಾವಣೆಗೆ ನಿಂತಿದ್ದೆ. ಭಾಷಣವನ್ನು ಒಂದು ವಾರ ಕೂತು ಬರೆದಿದ್ದೆ. ಅದರಲ್ಲಿ ‘ಪಾರದರ್ಶಕತೆ’ ಆರು ಸಲ ಬರುತ್ತಿತ್ತು. ಆರ್.ಟಿ. ನಗರದ ನಮ್ಮ ಮನೆಯ ಮಹಡಿಯ ಮೇಲೆ, ಒಣಗಲು ಹಾಕಿದ ಬಟ್ಟೆಗಳನ್ನೇ ಸಭಿಕರೆಂದುಕೊಂಡು ಅಭ್ಯಾಸ ಮಾಡಿದ್ದೆ. ನನ್ನ ಎದುರಾಳಿ ಶಿವಲೀಲಾ. ಗದಗದ ಕಡೆಯವಳು. ಅವಳ ಅಪ್ಪ ಪೀಣ್ಯದಲ್ಲಿ ಒಂದು ಕಾರ್ಖಾನೆಯಲ್ಲಿದ್ದರು, ಮನೆ ನಾಗಸಂದ್ರದಲ್ಲಿ. ನನ್ನ ಭಾಷಣ ಮುಗಿದ ಮೇಲೆ ಅವಳು ವೇದಿಕೆಗೆ ಬಂದು ಮೈಕನ್ನು ಸ್ವಲ್ಪ ದೂರ ಸರಿಸಿ, “ಕುಡಿಯೂ ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ. ಅದರಾಗ ಪಾರಿವಾಳ ಕುಂದರ್ತಾವ. ನಾ ಗೆದ್ರ ಮುಚ್ಚಳ ಹಾಕಸ್ತೀನಿ,” ಎಂದು ಹೇಳಿ ಇಳಿದುಹೋದಳು. ಹತ್ತೊಂಬತ್ತು ಮತಗಳಿಂದ ಗೆದ್ದಳು. ಎರಡನೇ ವಾರದಲ್ಲಿ ಟ್ಯಾಂಕಿಗೆ ಮುಚ್ಚಳವೂ ಬಂತು. ನಾನು ಒಂದು ತಿಂಗಳು ಮನೆಯಿಂದಲೇ ನೀರು ಹೊತ್ತುಕೊಂಡು ಹೋದೆ. ಯಾಕೆಂದು ನೀವು ಕೇಳಬಾರದು.

ಅದಾದ ಮೇಲೆ ನನಗೆ ಕಾಮಾಲೆ ಬಂತು. ಮೂರು ವಾರ ಮಜ್ಜಿಗೆ ಅನ್ನ ತಿಂದುಕೊಂಡು ಮನೆಯಲ್ಲಿ ಬಿದ್ದಿದ್ದೆ. ವಾಪಸು ಹೋದಾಗ ಹಾಜರಾತಿಯ ಭಯ ಶುರುವಾಯಿತು. ಕಡಿಮೆಯಾದವರನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅಪ್ಪ ಡಾಕ್ಟರ ಸರ್ಟಿಫಿಕೇಟನ್ನು ಆಫೀಸಿಗೆ ಕೊಟ್ಟು ಬಂದಿದ್ದರು. ಹಾಜರಾತಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಬಿದ್ದಾಗ ನನ್ನ ಹೆಸರು ಇರಲಿಲ್ಲ. ಸರ್ಟಿಫಿಕೇಟಿನ ಮಹಿಮೆ ಎಂದುಕೊಂಡು ನಿಶ್ಚಿಂತಳಾದೆ.

ಆಮೇಲೆ ಒಂದು ಮಧ್ಯಾಹ್ನ, ಹೆಣ್ಣುಮಕ್ಕಳ ಕೋಣೆಯಲ್ಲಿ ಕನ್ನಡಿಯ ಮುಂದೆ ಇಬ್ಬರು ಜೂನಿಯರ್‌ಗಳು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. “ಶಿವಲೀಲಕ್ಕ ಸರಿ ಮಾಡ್ಕೊಟ್ರು ಕಣೇ. ಇಲ್ಲಾಂದ್ರೆ ನಂಗೆ ಎಕ್ಸಾಮೇ ಇರ್ತಿರ್ಲಿಲ್ಲ.” ನಮ್ಮಲ್ಲಿ ತಿಂಗಳ ಕೊನೆಗೆ ಹಾಜರಾತಿ ಪುಸ್ತಕಗಳನ್ನು ಒಟ್ಟು ಹಾಕಿ ಆಫೀಸಿಗೆ ಒಪ್ಪಿಸುವ ಕೆಲಸ ವಿದ್ಯಾರ್ಥಿ ಪ್ರತಿನಿಧಿಯದು. ಆಕೆ ಗೈರುಹಾಜರಿಯನ್ನು ಹಾಜರಿ ಮಾಡುತ್ತಿದ್ದಾಳೆ! ನನಗೆ ಆದ ಸಂತೋಷವನ್ನು ಇವತ್ತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಆದದ್ದು ಸಂತೋಷವೇ. ಅಂದು ಸಂಜೆ ಎಡಗೈಯಲ್ಲಿ ಒಂದು ಪತ್ರ ಬರೆದೆ. ‘ಪ್ರತಿನಿಧಿಯವರು ಹಾಜರಾತಿ ತಿದ್ದುತ್ತಿದ್ದಾರೆ, ಪುಸ್ತಕಗಳನ್ನು ಪರಿಶೀಲಿಸಿ.’ ಇಷ್ಟೇ. ಹೆಸರು ಹಾಕಲಿಲ್ಲ. ಮರುದಿನ ಪ್ರಿನ್ಸಿಪಾಲರ ಕೋಣೆಯ ಹೊರಗಿದ್ದ ದೂರು ಪೆಟ್ಟಿಗೆಗೆ ಹಾಕಿ, ಏನೂ ಅರಿಯದವಳಂತೆ ಕ್ಲಾಸಿಗೆ ಹೋಗಿ ಕೂತೆ.

ಎರಡೇ ದಿನದಲ್ಲಿ ಕಾಲೇಜು ಹೊತ್ತಿಕೊಂಡಿತು. ನಿಜ ಹೇಳುತ್ತೇನೆ, ಅಷ್ಟು ಜೀವಂತವಾದ ಕಾಲೇಜನ್ನು ನಾನು ಮೂರು ವರ್ಷದಲ್ಲಿ ನೋಡಿರಲಿಲ್ಲ. ಬೆಳಗಿನ ಮೊದಲ ಪೀರಿಯಡ್ಡಿಗೆ ಎಂದೂ ಬಾರದವರು ಹೊಸ ಸುದ್ದಿಗಾಗಿ ಎಂಟೂವರೆಗೇ ಬರತೊಡಗಿದರು. ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ನಿಮಿಷಕ್ಕೊಂದು ಸಮಾಚಾರ. ಹಾಜರಾತಿಯಿಂದ ಶುರುವಾದದ್ದು ಸಂಜೆಗೆ ಪ್ರಶ್ನೆಪತ್ರಿಕೆಯಾಯಿತು, ಮರುದಿನಕ್ಕೆ ಅಂಕಪಟ್ಟಿಯಾಯಿತು, ಮೂರನೇ ದಿನ ಅವಳ ಮೇಲೆ ಪೊಲೀಸ್ ಕೇಸಾಗಿದೆಯೆಂಬಲ್ಲಿಗೆ ಬಂತು. “ಮಗಾ, ನಾನೇ ಕಣ್ಣಾರೆ ಕಂಡೆ, ಜೀಪು ಬಂದಿತ್ತು,” ಎಂದ ಒಬ್ಬ. ಬಂದಿದ್ದದ್ದು ನೀರಿನ ಫಿಲ್ಟರ್ ರಿಪೇರಿಯವರ ಗಾಡಿ. ಗೇಟಿನೆದುರಿನ ಝೆರಾಕ್ಸ್ ಅಂಗಡಿಯವರು, “ಆ ಹುಡುಗಿ ಮುಖ ನೋಡಿದ್ರೇನೇ ಗೊತ್ತಾಗ್ತಿತ್ತು ಬಿಡಿ,” ಎಂದರು. ಹಿಂದಿನ ವಾರವಷ್ಟೇ ಅವಳನ್ನು ‘ಬಂಗಾರದಂಥ ಹುಡುಗಿ’ ಎಂದವರು ಅವರೇ. ಸುದ್ದಿ ನಮ್ಮ ಬೀದಿಗೂ ಬಂತು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಬಗ್ಗಿ, “ನಿಮ್ಮ ಕಾಲೇಜಲ್ಲಿ ಏನೋ ಆಯ್ತಂತಲ್ಲೇ, ಸ್ವಲ್ಪ ಬಿಡಿಸಿ ಹೇಳು,” ಎಂದು ಕೇಳಿದರು. ನಾನು ಬಿಡಿಸಿ ಬಿಡಿಸಿ ಹೇಳಿದೆ. ಹೇಳುವಾಗ ಸ್ವಲ್ಪ ಸೇರಿಸಿಯೂ ಇರಬಹುದು.

ಈ ಗದ್ದಲದಲ್ಲಿ ನಾನು ತಂತಾನೇ ಮುಂದಾಳಾಗಿಬಿಟ್ಟೆ. ಸೋತ ಅಭ್ಯರ್ಥಿ, ಪಾರದರ್ಶಕತೆಯ ಭಾಷಣ ಮಾಡಿದವಳು, ಇನ್ನೇನು ಬೇಕು? ಕಾರಿಡಾರಿನಲ್ಲಿ ಹೋದರೆ ಪರಿಚಯವಿಲ್ಲದವರೂ “ಅಕ್ಕಾ, ಬಿಡ್ಬೇಡಿ!” ಎನ್ನುತ್ತಿದ್ದರು. ಕ್ಯಾಂಟೀನಿನ ಹೊರಗೆ ಕಲ್ಲು ಬೆಂಚಿನ ಮೇಲೆ ನಿಂತು ನಾನು ‘ರಾಜೀನಾಮೆ’ ಎಂದರೆ ಕೆಳಗಿನಿಂದ ‘ಕೊಡಲೇಬೇಕು’ ಎಂದು ಮರುದನಿ. ನನ್ನ ಗಂಟಲಿಗೆ ಅಷ್ಟು ಶಕ್ತಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ನನ್ನ ಗೆಳತಿ ಸಬೀಹಾ, ನಮ್ಮದೇ ಬೀದಿಯವಳು, ದಿನಾ ಒಟ್ಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದವಳು, ಒಂದು ಸಲ ನನ್ನ ಮುಖವನ್ನೇ ನೋಡುತ್ತ, “ಅವಳು ತಪ್ಪು ಮಾಡಿದ್ರೆ ಮಾಡಿದ್ಲು. ನೀನ್ಯಾಕೆ ಮದುವೆ ಮನೇಲಿ ಓಡಾಡೋ ಥರ ಓಡಾಡ್ತಿದೀಯ?” ಎಂದಳು. “ನಿಂಗೆ ಅರ್ಥ ಆಗಲ್ಲ ಬಿಡು,” ಎಂದೆ.

ಶಿವಲೀಲಾ ಮಾತ್ರ ದಿನವೂ ಬರುತ್ತಿದ್ದಳು. ಮೊದಲಿನ ಹಾಗೇ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಆ ಬೆಂಚಿನಲ್ಲಿ ಅವಳ ಪಕ್ಕ ಮೊದಲು ಮೂವರಿದ್ದರು, ಆಮೇಲೆ ಒಬ್ಬಳಿದ್ದಳು, ಆಮೇಲೆ ಯಾರೂ ಇರಲಿಲ್ಲ.

ಕೊನೆಗೆ ಪ್ರಿನ್ಸಿಪಾಲರು ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರು. ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿಯ ಕಂಬಿಗಳಿಗೂ ಜನ ಜೋತುಬಿದ್ದಿದ್ದರು. ವೇದಿಕೆಯ ಮೇಲೆ ಪ್ರಿನ್ಸಿಪಾಲರು, ಅವರ ಮುಂದೆ ಹಾಜರಾತಿ ಪುಸ್ತಕಗಳ ರಾಶಿ, ಪಕ್ಕದಲ್ಲಿ ನಿಂತ ಶಿವಲೀಲಾ. ಅವರು ಕೇಳುವ ಮೊದಲೇ ಅವಳು ಹೇಳಿದಳು: “ತಿದ್ದಿದ್ದು ಖರೇರಿ ಸರ್. ನಾನ ತಿದ್ದೀನಿ. ಒಂಬತ್ತು ಮಂದೀದು. ಪ್ರಶ್ನೆಪತ್ರಿಕೆ, ಮಾರ್ಕ್ಸು ಅಂತಾರಲ್ಲ, ಅದೆಲ್ಲ ಸುಳ್ಳು.”

ಅವಳು ಅಲ್ಲಗಳೆಯಬಹುದು, ಅಳಬಹುದು ಎಂದು ನಾವೆಲ್ಲ ಕಾದಿದ್ದೆವು. ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಆಗ ಪ್ರಿನ್ಸಿಪಾಲರು, “ಒಂಬತ್ತು ಜನರ ಪಟ್ಟಿ ಇಲ್ಲಿದೆ,” ಎಂದು ಒಂದು ಹಾಳೆ ಎತ್ತಿ ಹಿಡಿದರು.

“ಹೆಸರು ಓದಬ್ಯಾಡ್ರಿ ಸರ್,” ಎಂದಳು ಶಿವಲೀಲಾ. ಆ ಇಡೀ ದಿನದಲ್ಲಿ ಅವಳ ದನಿ ನಡುಗಿದ್ದು ಅಲ್ಲಿ ಮಾತ್ರ. “ಬರದಾಕಿ ನಾನು. ಅವರಲ್ಲ.”

ಇನ್ನು ಬಿಡುತ್ತೇನೆಯೇ? ನಾನು ಕುರ್ಚಿಯ ಮೇಲೆ ಹತ್ತಿ ನಿಂತು, “ಓದಿ ಸರ್, ಹೆಸರು ಓದಿ!” ಎಂದು ಕೂಗಿದೆ. ಹಿಂದಿನಿಂದ ಆರುನೂರು ಗಂಟಲು ಎದ್ದವು. ಓದಿ! ಓದಿ! ನೆಲ ನಡುಗುತ್ತಿತ್ತು. ನನ್ನ ಒಂದು ಮಾತಿಗೆ ಅಷ್ಟು ಜನ! ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲನೆಯದು ತಾಯಿ ಆಸ್ಪತ್ರೆಯಲ್ಲಿದ್ದ ಹುಡುಗಿಯ ಹೆಸರು. ಎರಡನೆಯದು ಹೊಸ ಸಿನಿಮಾ ಬಂದಾಗಲೆಲ್ಲ ಮೊದಲ ಆಟಕ್ಕೆ ಹೋಗುವ ಮಹಾಶಯನದು, ಅದಕ್ಕೆ ದೊಡ್ಡ ನಗು. ಮೂರನೆಯದು ಕನ್ನಡಿಯ ಮುಂದೆ ಮಾತಾಡಿದ ಜೂನಿಯರ್‌ದು.

ನಾಲ್ಕನೆಯದು ನನ್ನದು.

ಪ್ರಿನ್ಸಿಪಾಲರಿಗೂ ಅನುಮಾನ ಬಂದು ಇನ್ನೊಂದು ಸಲ ಓದಿದರು. ನಾನು ಇನ್ನೂ ಕುರ್ಚಿಯ ಮೇಲಿದ್ದೆ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಹಿಂದಿನ ಸಾಲಿನಿಂದ ಒಬ್ಬ, “ಏನ್ ಗುರು, ಲೀಡರಮ್ಮಂದೇ ಇದೆಯಲ್ಲೋ!” ಎಂದ. ಆಮೇಲೆ ಬಂದ ಶಿಳ್ಳೆ, ಕೇಕೆ! ನಿಮಿಷದ ಹಿಂದೆ ನನ್ನ ಬೆನ್ನಿಗಿದ್ದ ಅದೇ ಗಂಟಲುಗಳು, ಅದೇ ಹುರುಪು. ವ್ಯತ್ಯಾಸ ಒಂದಿಷ್ಟೂ ಇರಲಿಲ್ಲ. “ನಂಗೆ ಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ,” ಎಂದು ಹೇಳುತ್ತಲೇ ಇದ್ದೆ. ನನ್ನ ಕಿವಿಗೇ ಕೇಳಿಸಲಿಲ್ಲ. ಸಬೀಹಾ ನನ್ನ ಸೊಂಟ ಹಿಡಿದು ಕೆಳಗಿಳಿಸಿದಳು. ಆಗ ಮೈಕಿನಲ್ಲಿ ಶಿವಲೀಲಾಳ ದನಿ ಬಂತು: “ಆಕಿಗೆ ಗೊತ್ತಿಲ್ರೀ. ಆಕಿ ಕೇಳಿಲ್ಲ. ಸುಮ್ನಾಗ್ರಿ!” ಯಾರೂ ಸುಮ್ಮನಾಗಲಿಲ್ಲ.

ಅವಳು ಹುದ್ದೆ ಕಳೆದುಕೊಂಡಳು. ಅವಳೂ ಪಟ್ಟಿಯ ಒಂಬತ್ತು ಜನರೂ ಆ ಸಲದ ಪರೀಕ್ಷೆ ಬರೆಯುವ ಹಾಗಿಲ್ಲವೆಂದಾಯಿತು. ಅಪ್ಪ ಕೊಟ್ಟ ಸರ್ಟಿಫಿಕೇಟು ಕೊಡಬೇಕಾದ ಗಡುವು ಮುಗಿದ ಮೇಲೆ ಹೋಗಿತ್ತಂತೆ, ಆಫೀಸಿನಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗದ್ದಲ ಎಷ್ಟು ಬೇಗ ಎದ್ದಿತ್ತೋ ಅಷ್ಟೇ ಬೇಗ ಇಳಿಯಿತು. ಮುಂದಿನ ವಾರ ಕ್ರಿಕೆಟ್ ಪಂದ್ಯವಿತ್ತು.

ಆರು ತಿಂಗಳ ನಂತರ ನಾವು ಹತ್ತೂ ಜನ ಒಂದೇ ಕೋಣೆಯಲ್ಲಿ ಪರೀಕ್ಷೆ ಬರೆದೆವು. ಕೊನೆಯ ದಿನ ಹೊರಗೆ ಬಂದಾಗ ಶಿವಲೀಲಾ ಮೆಟ್ರೋ ಕಡೆ ಹೊರಟಿದ್ದಳು. ನಾನು ಹಿಂದೆಯೇ ಹೋಗಿ ಕೇಳಿದೆ: “ನಂದ್ಯಾಕೆ ಹಾಕಿದೆ? ನಾನು ನಿನ್ನ ಎದುರು ನಿಂತವಳಲ್ವಾ?”

ಅವಳು ನಡೆಯುತ್ತಲೇ ಹೇಳಿದಳು. “ನಿನ್ನ ಹೆಸರ ಮುಂದ ಪೆನ್ ಹಿಡಕೊಂಡು ಎರಡ ದಿನಾ ಕುಂತಿದ್ದೆ. ಬಿಟ್ಟುಬಿಡ್ಲಿ ಅಂತ ಭಾಳ ಅನಸ್ತು. ಕ್ಯಾಂಟೀನ್‌ನ್ಯಾಗ ನನ್ನ ಬಗ್ಗೆ ಏನೇನ್ ಮಾತಾಡ್ತಿದ್ದಿ, ನಂಗ ಗೊತ್ತಿರಲಿಲ್ಲೇನು? ಆಮ್ಯಾಲ ನನ್ನ ಮ್ಯಾಲ ನಂಗ ಸಿಟ್ಟು ಬಂತು. ಮಾಡಾಕತ್ತಿದ್ದು ತಪ್ಪು ಕೆಲಸ, ಅದರಾಗ ಸೇಡು ಬ್ಯಾರೆ ಬೇಕಾ ಅಂತ ಹೇಳಿ ಬರದೆ.”

ಅಲ್ಲಿಂದ ನಾವು ಗೆಳತಿಯರಾದೆವು. ಅವಳೀಗ ನಾಗಸಂದ್ರದಲ್ಲೇ ಒಂದು ಶಾಲೆಯಲ್ಲಿ ಟೀಚರು. ಅವಳ ಮನೆಯಲ್ಲಿ ರೊಟ್ಟಿ ತಿಂದಿದ್ದೇನೆ, ಅವಳ ಮದುವೆಯಲ್ಲಿ ಆರತಿ ತಟ್ಟೆ ಹಿಡಿದಿದ್ದೇನೆ. ಎಡಗೈಯಲ್ಲಿ ಬರೆದ ಆ ಪತ್ರದ ಮಾತು ಮಾತ್ರ ಒಂಬತ್ತು ವರ್ಷವೂ ಬಾಯಿಗೆ ಬಂದಿರಲಿಲ್ಲ.

ಕಳೆದ ಶನಿವಾರ ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದವಳು, ಎಲ್ಲಿಗೆ ಹೊರಟಿದ್ದೆನೆಂಬುದನ್ನೂ ಮರೆತು, ಶಾಲೆಗೆ ರಜೆಯಿದ್ದು ಮನೆಯಲ್ಲೇ ಇದ್ದ ಅವಳಿಗೆ ಫೋನ್ ಮಾಡಿದೆ. ಇನ್ನೊಂದು ನಿಮಿಷ ತಡೆದರೆ ಧೈರ್ಯ ಹೋಗುತ್ತದೆಂದು ಗೊತ್ತಿತ್ತು. “ಶಿವಲೀಲಾ, ಆ ಪತ್ರ ಬರೆದಿದ್ದು ನಾನು,” ಎಂದೆ.

“ಏನಂದಿ? ಲಾರಿ ಸಪ್ಪಳದಾಗ ಏನೂ ಕೇಳವಲ್ದು. ಜೋರಾಗಿ ಹೇಳು!”

“ಆ ಪತ್ರ!”

“ಯಾವ ಪಾತ್ರಿ?”

ನಾನು ಕಣ್ಣು ಮುಚ್ಚಿಕೊಂಡು, ಕಲ್ಲು ಬೆಂಚಿನ ಮೇಲೆ ಕೂಗುತ್ತಿದ್ದ ಗಂಟಲಿನಿಂದಲೇ ಕೂಗಿದೆ: “ಕಾಲೇಜಲ್ಲಿ ನಿನ್ನ ಮೇಲೆ ಕಂಪ್ಲೇಂಟ್ ಬರೆದು ಹಾಕಿದ್ದು ನಾನು ಕಣೇ! ನಾನೇ!”

ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೂವಿನವಳು ಮಾಲೆ ಅಳೆಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

“ಈಗ ಕೇಳಿಸ್ತು,” ಎಂದಳು ಶಿವಲೀಲಾ. ದನಿ ಗಟ್ಟಿಯಾಗಿತ್ತು. “ಬರದದ್ದು ಖರೇನ ಐತಿ. ನಾ ಮಾಡಿದ್ದು ತಪ್ಪ. ಆದ್ರ ಹೆಸರು ಯಾಕ ಹಾಕಲಿಲ್ಲ ನೀ? ಹೆಸರು ಹಾಕಿದ್ರ ನಾ ಒಬ್ಬಾಕಿ ಕೂಡ ಜಗಳಾಡ್ತಿದ್ದೆ. ಇಡೀ ಕಾಲೇಜಿನ ಕೂಡ ಹ್ಯಾಂಗ ಜಗಳಾಡೂದು? ಒಂಬತ್ತು ವರ್ಷ ನನ್ನ ಮನ್ಯಾಗ ಉಂಡಿ. ಒಂದ್ ಮಾತು ಹೇಳಲಿಲ್ಲ!”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಎಲ್ಲಿ ಅದಿ ಈಗ?”

“ಗೊರಗುಂಟೆಪಾಳ್ಯ.”

“ಅಲ್ಲೇ ನಿಂದ್ರು. ಎಲ್ಲೂ ಹೋಗಬ್ಯಾಡ. ಬರಾಕತ್ತೀನಿ. ಜಗಳಾಡೂದೈತಿ.”

ಫೋನ್ ಕಟ್ಟಾಯಿತು. ನಾಗಸಂದ್ರದಿಂದ ಅಲ್ಲಿಗೆ ಮೆಟ್ರೋದಲ್ಲಿ ಹೆಚ್ಚು ಹೊತ್ತೇನೂ ಬೇಡ. ನಾನು ಸ್ಟೇಷನ್ನಿನ ಮೆಟ್ಟಿಲ ಬಳಿ ಹೋಗಿ ನಿಂತೆ. ಒಂದು ರೈಲು ಬಂತು, ಜನ ಇಳಿದರು, ಅವಳಿರಲಿಲ್ಲ. ಬೈಸಿಕೊಳ್ಳಲು ನಿಂತಿದ್ದರೂ ಏನೋ ಒಂದು ಬಗೆಯ ಖುಷಿ ಒಳಗೊಳಗೇ ಉಕ್ಕುತ್ತಿತ್ತು. ಎರಡನೇ ರೈಲು ಬಂತು. ಮೆಟ್ಟಿಲ ಮೇಲ್ತುದಿಯಲ್ಲಿ ಅವಳು ಕಾಣಿಸಿದಳು. ಮನೆಯಲ್ಲಿ ಉಟ್ಟ ಸೀರೆಯಲ್ಲೇ ಬಂದಿದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ನನ್ನನ್ನು ನೋಡಿದ್ದೇ ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿಯತೊಡಗಿದಳು. ಈ ಸಲ ನನ್ನ ಹಿಂದೆ ಯಾರೂ ಇರಲಿಲ್ಲ. ನಾನು ಅವಳ ಕಡೆಗೆ ಮೆಟ್ಟಿಲು ಹತ್ತತೊಡಗಿದೆ.