ಹಳೇ ತಿರುವಿನ ಸ್ಟಾಪು

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ನಡೆದದ್ದಂತೂ ಹೌದು. ಅದಕ್ಕೆ ನನ್ನ ಅಮ್ಮ ಸಾಕ್ಷಿ, ಫೋನಿನಲ್ಲಿ ಉಳಿದ ಗುರುತು ಸಾಕ್ಷಿ. ನನ್ನ ನೆನಪನ್ನು ಮಾತ್ರ ಸಾಕ್ಷಿ ಎಂದು ಕರೆಯುವ ಧೈರ್ಯ ನನಗಿಲ್ಲ.

ನಾನು ಕುಮಟಾದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಹಳದೀಪುರದಲ್ಲಿ ಬಾಡಿಗೆ ಕೋಣೆ. ಬಂದು ಎರಡು ವರ್ಷವಾಯಿತು. ಹೊಸತರಲ್ಲಿ ಒಂದು ವಿಷಯ ನನ್ನನ್ನು ಕೆರಳಿಸುತ್ತಿತ್ತು. ಫೋನಿನ ನಕ್ಷೆಯಲ್ಲಿ ಹೊನ್ನಾವರದಿಂದ ಕುಮಟಾಕ್ಕೆ ಬಸ್ಸಿನ ದಾರಿ ಕೇಳಿದರೆ ಅರ್ಧ ಸ್ಟಾಪುಗಳೇ ಇರಲಿಲ್ಲ. ಹಾಗಾಗಿ ನಾನೇ ಸೇರಿಸತೊಡಗಿದೆ. ಕಿಟಕಿ ಪಕ್ಕ ಕೂತು, ಬಸ್ಸು ನಿಂತಲ್ಲೆಲ್ಲ ಗುರುತು ಹಾಕಿ ಹೆಸರು ಬರೆಯುವುದು. ಅದು ನಕ್ಷೆಯಲ್ಲಿ ಮೂಡಿದಾಗ ಸಣ್ಣದೊಂದು ಹೆಮ್ಮೆ.

ಅವುಗಳಲ್ಲಿ ಒಂದು 'ಹಳೇ ತಿರುವು'.

ಅದನ್ನು ಸೇರಿಸಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ... ನೆನಪಿದೆ ಎಂದುಕೊಂಡಿದ್ದೇನೆ. ಹೊನ್ನಾವರದಿಂದ ಮರಳುತ್ತಿದ್ದೆ. ಹಳದೀಪುರಕ್ಕೆ ಸ್ವಲ್ಪ ಮೊದಲು ಬಸ್ಸು ಎಡಕ್ಕೆ ತಿರುಗಿ ಗಜನಿ ಗದ್ದೆಯ ಉಪ್ಪುನೀರಿನ ಪಕ್ಕದ ಒಂದು ತಂಗುದಾಣದೆದುರು ನಿಂತಿತು. ಕೊಳೆತ ಕೆಸರಿನ ವಾಸನೆ. ತಂಗುದಾಣದಲ್ಲಿ ಜನ ಇರಲಿಲ್ಲ. ಹೆಸರಿನ ಫಲಕ ಕಾಣದ್ದರಿಂದ, ಸೀಟಿಗೆ ಕರ್ಚೀಫು ಹಾಕಿಟ್ಟು ಬಾಗಿಲ ತನಕ ಹೋಗಿ ಬಗ್ಗಿ ನೋಡಿದೆ. ಕಂಡಕ್ಟರು 'ಹಳೇ ತಿರುವು' ಎಂದು ಕೂಗಿ ಹಗ್ಗ ಎಳೆದ. ಟಿಣ್ ಟಿಣ್... ಬಸ್ಸು ಹೊರಟಿತು.

ಆಗ ಇದರಲ್ಲಿ ವಿಶೇಷ ಕಾಣಲಿಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮ ನನ್ನ ಕೋಣೆಗೆ ಬರುತ್ತೇನೆಂದಳು. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಅವಳೂ ಅಪ್ಪನೂ ಗದ್ದೆ, ತರಕಾರಿ ಮಾಡಿಕೊಂಡಿದ್ದಾರೆ. ಒಬ್ಬಳೇ ಬಸ್ಸು ಬದಲಿಸಿ ಬಂದು ಅಭ್ಯಾಸವಿಲ್ಲ.

"ನೀನೇ ಬಂದು ಕರ್ಕಂಡ್ ಹೋಗೂಕಾಗ್ತಿಲ್ಲ್ಯಾ, ತಮಾ?" ಎಂದಳು.

ಉತ್ತರಪತ್ರಿಕೆಗಳ ರಾಶಿ ಎದುರಿಗಿತ್ತು. "ಫೋನೇ ದಾರಿ ಹೇಳ್ತದೆ. ಅದು ಇಳಿ ಅಂದಲ್ಲಿ ಇಳಿ, ಆತು," ಎಂದೆ. ಹೊನ್ನಾವರದಲ್ಲಿ ಬಸ್ಸು ಬದಲಿಸುವ ದಾರಿಯನ್ನು ಅವಳ ಫೋನಿಗೆ ಕಳಿಸಿದೆ. ಅವಳಿರುವ ಜಾಗ ನನ್ನ ನಕ್ಷೆಯಲ್ಲೂ ಕಾಣುವಂತೆ ಮಾಡಿಕೊಂಡೆ.

ಸಂಜೆ ಏಳರ ಹೊತ್ತಿಗೆ ಹಳದೀಪುರದ ಸ್ಟಾಪಿನಲ್ಲಿ ಕಾಯುತ್ತಿದ್ದೆ. ಕತ್ತಲಾಗಿತ್ತು. ಫೋನಿನಲ್ಲಿ ಅಮ್ಮನ ನೀಲಿ ಚುಕ್ಕೆ ಹೊನ್ನಾವರ ಬಿಟ್ಟು ಹೆದ್ದಾರಿಗುಂಟ ಬರುತ್ತಿತ್ತು. ಬಸ್ಸಿನದೇ ವೇಗ.

ಆಮೇಲೆ ಅದು ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿತು... 'ಹಳೇ ತಿರುವಿ'ನಲ್ಲಿ ನಿಂತಿತು.

ಅಷ್ಟರಲ್ಲಿ ಹೊನ್ನಾವರದ ಬಸ್ಸು ನನ್ನೆದುರೇ ಬಂತು. ಕಂಡಕ್ಟರು ಗಣಪಣ್ಣ. ದಿನಾ ನೋಡಿ ಪರಿಚಯ. ಅಮ್ಮ ಇಳಿಯಲಿಲ್ಲ.

"ಗಣಪಣ್ಣ, ಹಿಂದೆ ಹಳೇ ತಿರುವಿನಲ್ಲಿ ಯಾರಾದ್ರೂ ಹೆಂಗಸು ಇಳಿದ್ರಾ?"

"ಎಲ್ಲಿ?"

ಫೋನು ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಆ ತಿರುವಿಗೆ ಬಸ್ಸು ಎಂತಕ್ಕೆ ಹೋಗ್ತದೆ ಮಾಸ್ತರೆ? ಹೆದ್ದಾರಿ ಅಗಲ ಮಾಡಿ ಸೀದಾ ಮಾಡಿದಾಗ್ಲೇ ಎರಡೂ ಬದಿ ಮಣ್ಣು ಸುರ್ದು ಮುಚ್ಚಿದ್ರು. ನೀವು ಈ ಊರಿಗೆ ಬರೂಕಿಂತ ಎಷ್ಟೋ ಮೊದ್ಲು."

"ನಾನು ಬಸ್ಸಲ್ಲಿ ಆ ದಾರಿಯಲ್ಲಿ ಬಂದಿದ್ದೇನೆ."

"ಹಂಗಾರೆ ನಿದ್ದೆ ಮಾಡ್ತಾ ಬಂದಿರ್ಬೇಕು," ಎಂದು ನಕ್ಕು ಸೀಟಿ ಊದಿದ. ಬಸ್ಸು ಹೋಯಿತು.

ಆ ಸೀಟಿ ಕೇಳಿದಾಗಲೇ ನನಗೆ ಹೊಳೆದದ್ದು. ಈ ದಾರಿಯ ಕಂಡಕ್ಟರುಗಳೆಲ್ಲ ಸೀಟಿ ಊದುತ್ತಾರೆ. ಹಗ್ಗ ಎಳೆಯುವ ಗಂಟೆಯನ್ನು ನಾನು ಬೇರೆ ಯಾವ ಬಸ್ಸಿನಲ್ಲೂ ಕೇಳಿಲ್ಲ...

ಅಮ್ಮನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಚುಕ್ಕೆ ಅಲ್ಲಿಯೇ ಇತ್ತು.

ಸ್ಕೂಟರ್ ತಿರುಗಿಸಿದೆ. ಆ ಐದು ನಿಮಿಷ ನಾನು ಯಾವ ತರ್ಕವನ್ನೂ ಮಾಡಲಿಲ್ಲ. ನಾನು ಹಾಕಿದ ಗುರುತನ್ನು ನಂಬಿ ಅಮ್ಮ ಇಳಿದಿದ್ದಾಳೆ, ಪಕ್ಕದಲ್ಲಿ ನೀರಿದೆ. ತಲೆಯಲ್ಲಿ ಇದ್ದದ್ದು ಇಷ್ಟೇ.

ಗಣಪಣ್ಣ ಹೇಳಿದ್ದು ನಿಜ. ಹಳೆಯ ರಸ್ತೆಯ ಬಾಯಿಗೆ ಎದೆಯೆತ್ತರದ ಮಣ್ಣು, ಅದರ ಮೇಲೆ ಪೊದೆ. ಸ್ಕೂಟರ್ ಬಿಟ್ಟು, ಟಾರ್ಚು ಹಚ್ಚಿಕೊಂಡು ಹತ್ತಿ ಇಳಿದೆ. ಆಚೆ ಡಾಂಬರು ಬಿರುಕುಬಿಟ್ಟು ಹುಲ್ಲು ಎದ್ದಿತ್ತು. ಹೆದ್ದಾರಿಯ ಸದ್ದು ಒಮ್ಮೆಲೇ ಹಿಂದಕ್ಕೆ ಸರಿದಂತಾಯಿತು. ಅದೇ ಕೆಸರಿನ ವಾಸನೆ. ಅದರೊಳಗೆ ಇನ್ನೊಂದು... ಬಿಸಿ ಡೀಸೆಲ್ಲಿನ ವಾಸನೆ.

ತಂಗುದಾಣದ ಕಲ್ಲುಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಚೀಲ ತೊಡೆಯ ಮೇಲೆ. ಮುಡಿಯಲ್ಲಿ ಮಲ್ಲಿಗೆ.

"ಎಂತ ಓಡಿ ಬಂದೆ? ನಾ ಇಲ್ಲೇ ಇದ್ನಲ್ಲ," ಎಂದಳು.

"ಫೋನ್ ಯಾಕೆ ಎತ್ತಲಿಲ್ಲ?"

"ರಿಂಗೇ ಆಗ್ಲಿಲ್ಲ ಅದು."

"ಇಲ್ಲಿಗೆ ಹೇಗೆ ಬಂದೆ?"

"ಬಸ್ಸಿಗೆ. ಇಗಾ, ಈಗ ಹೋತು." ಅವಳು ರಸ್ತೆಯ ಇನ್ನೊಂದು ತುದಿಯ ಕಡೆ ಕೈ ಮಾಡಿದಳು.

ಟಾರ್ಚು ಹಿಡಿದು ಅಲ್ಲಿಯ ತನಕ ಹೋದೆ. ಅಲ್ಲಿಯೂ ಮಣ್ಣಿನ ದಿಬ್ಬ, ಪೊದೆ. ದಾರಿಯ ಹುಲ್ಲು ಒಂದೂ ಬಾಗಿರಲಿಲ್ಲ. ನಾನು ಸರಿಯಾಗಿ ನೋಡಿದೆನೇ ಎಂದು ಕೇಳಿದರೆ, ಗೊತ್ತಿಲ್ಲ. ಮರಳುವಾಗ ಅಮ್ಮನನ್ನು ಬೆನ್ನ ಮೇಲೆ ಹೊತ್ತೇ ದಿಬ್ಬ ದಾಟಿಸಬೇಕಾಯಿತು.

ಕೋಣೆಗೆ ಬಂದ ಮೇಲೆ ಅಮ್ಮ ಚಹಾ ಕುಡಿಯುತ್ತ ಎಲ್ಲ ಹೇಳಿದಳು. ಹೊನ್ನಾವರದಲ್ಲಿ ಒಂದು ಹಳೇ ಬಸ್ಸು ಸಿಕ್ಕಿತಂತೆ. ಜನ ತುಂಬಿದ್ದರೂ ಯಾರೂ ಮಾತಾಡುತ್ತಿರಲಿಲ್ಲವಂತೆ. ಎಲ್ಲರೂ ಕಿಟಕಿಯ ಹೊರಗೇ ನೋಡುತ್ತಿದ್ದರಂತೆ.

"ಒಂದೇ ಒಂದು ಸೀಟು ಖಾಲಿ ಇತ್ತಾ, ಕೂರೂಕೆ ಹೋದೆ. ಕಂಡಕ್ಟ್ರು, 'ಅದು ಬೇಡ ಅಮ್ಮ, ಜನ ಇದ್ದಾರೆ' ಅಂದ. ಪಾಪ, ತಾನು ಎದ್ದು ತನ್ನ ಸೀಟು ಕೊಟ್ಟ."

"ಆಮೇಲೆ?"

"ಎಲ್ಲಿ ಇಳೀತ್ರಿ ಕೇಳ್ದ. ಫೋನು ಹೇಳ್ದಂಗೆ ಹಳೇ ತಿರುವು ಅಂದೆ. ಅವಂಗೆ ಎಷ್ಟ್ ಖುಷಿ ಆತು ಅಂತಿ. 'ನಮ್ಮ ಸ್ಟಾಪು ಬರ್ಕಂಡವ ನಿಮ್ಮ ಮಗನೇಯಾ?' ಅಂದ. ಹೌದು ಅಂದೆ. 'ಅವ್ರದ್ದೇ ಆ ಸೀಟು. ಇಟ್ಟಿದ್ದೇವೆ ಹೇಳಿ' ಅಂದ."

ನಾನು ಲೋಟ ಕೆಳಗಿಟ್ಟೆ. ನಕ್ಷೆಯಲ್ಲಿ ಗುರುತು ಹಾಕಿದವನ ಹೆಸರು ಯಾರಿಗೂ ಕಾಣುವುದಿಲ್ಲ. ನಾನು ಅದನ್ನು ಅಮ್ಮನಿಗೂ ಹೇಳಿರಲಿಲ್ಲ.

"ಮತ್ತೆ ನೀ ಹೌದು ಅಂತ ಹೇಗೆ ಅಂದೆ?"

"ಸೀಟಿನ ಮೇಲೆ ನಿನ್ನ ಕರ್ಚೀಫು ಇತ್ತಲ್ಲ. ಧಾರವಾಡದ ಹಾಸ್ಟೆಲ್ಲಿಗೆ ಹೋಗುವಾಗ ಮೂಲೆಗೆ ಕೆಂಪು ದಾರ ಹಾಕಿ ಕೊಟ್ಟಿದ್ನಲ್ಲ, ಅದು. ನಾ ಹಾಕಿದ ಹೊಲಿಗೆ ನಂಗೆ ಗೊತ್ತಾಗ್ತಿಲ್ಲ್ಯಾ?"



"ತಕ್ಕೊಂಡು ಬರಬಾರದಿತ್ತಾ?" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಅಮ್ಮ ನನ್ನನ್ನು ತಿಳಿಗೇಡಿಯಂತೆ ನೋಡಿದಳು. "ಸೀಟು ಹಿಡೂಕೆ ಹಾಕಿದ್ದು ತೆಗಿಯೂಕಾಗ್ತದಾ?"

ಮರುದಿನ ನಾನೇ ಅವಳನ್ನು ಸ್ಕೂಟರಿನಲ್ಲಿ ಹೆಬಳೆಗೆ ಬಿಟ್ಟು ಬಂದೆ. ಬಂದು ಪೆಟ್ಟಿಗೆ, ಕಪಾಟು, ಬಟ್ಟೆಯ ಗಂಟು ಎಲ್ಲ ಕೆದಕಿದೆ. ಆ ಕರ್ಚೀಫು ಸಿಗಲಿಲ್ಲ. ಕೊನೆಯ ಸಲ ಅದನ್ನು ಯಾವಾಗ ನೋಡಿದೆನೆಂದು ಯೋಚಿಸಿದರೆ, ನೆನಪಾಗುವುದು ಒಂದೇ ಜಾಗ...

ಆದರೆ ಈ ನೆನಪು ನನ್ನಲ್ಲಿ ಮೊದಲೇ ಇತ್ತೋ, ಅಮ್ಮ ಹೇಳಿದ ಮೇಲೆ ಬಂದು ಸೇರಿಕೊಂಡಿತೋ? ನೆನಪುಗಳು ಹಾಗೆ ಹುಟ್ಟುತ್ತವೆ ಎಂದು ನಾನು ಓದಿದ್ದೇನೆ. ಅಮ್ಮ ಯಾವುದೋ ಕೂಲಿಯಾಳುಗಳ ವ್ಯಾನು ಹತ್ತಿ, ಹೆದ್ದಾರಿಯಲ್ಲಿ ಇಳಿದು, ದಿಬ್ಬ ದಾಟಿ ಬಂದಿರಬಹುದು. ಸಾಧ್ಯ. ಅವಳ ಮೊಣಕಾಲು ನೋವು ನೆನಪಾದರೆ ಅಲ್ಲಿಗೆ ವಾದ ನಿಲ್ಲುತ್ತದೆ. ಬೆಂಚಿನ ಮೇಲೆ ಕೂತಿದ್ದಾಗ ಅವಳ ಸೀರೆಯಂಚಿಗೆ ಒಂದು ಹುಲ್ಲುಕಡ್ಡಿಯೂ ಅಂಟಿರಲಿಲ್ಲ.

ಆ ಸ್ಟಾಪನ್ನು ಅಳಿಸಲು ಕೋರಿಕೆ ಹಾಕಿದೆ. ಬೇರೆ ಬಳಕೆದಾರರು ಇದನ್ನು ದೃಢಪಡಿಸಿದ್ದಾರೆ, ಅಳಿಸಲಾಗದು ಎಂದು ಉತ್ತರ ಬಂತು. ಎಷ್ಟು ಜನ, ಯಾರು ಎಂದು ಅದು ಹೇಳುವುದಿಲ್ಲ. ಕೆಳಗೆ ನನಗೇ ಒಂದು ಪ್ರಶ್ನೆ ಇತ್ತು, ಈ ಸ್ಥಳ ಇಲ್ಲಿ ಇದೆಯೇ? ಹೌದು, ಇಲ್ಲ, ಗೊತ್ತಿಲ್ಲ. 'ಇಲ್ಲ' ಒತ್ತಲು ಹೋದ ಬೆರಳು 'ಗೊತ್ತಿಲ್ಲ'ದ ಮೇಲೆ ನಿಂತಿತು.

ಈಗ ಬಸ್ಸು ಬಿಟ್ಟಿದ್ದೇನೆ. ಕಾಲೇಜಿಗೂ ಸ್ಕೂಟರಿನಲ್ಲೇ ಹೋಗುತ್ತೇನೆ. ಸಂಜೆ ಏಳರ ಮೇಲೆ ಕಿಟಕಿ ಮುಚ್ಚಿರುತ್ತದೆ. ಆದರೂ ಕೆಲವು ದಿನ ಡೀಸೆಲ್ಲಿನ ವಾಸನೆ ಬರುತ್ತದೆ. ಹೆದ್ದಾರಿ ಹತ್ತಿರವೇ ಇದೆ, ಬರಬಹುದು.

ಆ ಕರ್ಚೀಫು ನನ್ನದು ಹೌದೋ ಅಲ್ಲವೋ ಎಂದು ತಿಳಿಯಲು ಒಂದೇ ದಾರಿಯಿದೆ. ಅದಕ್ಕೆ ಆ ಬಸ್ಸು ಹತ್ತಬೇಕು.

ಅಮ್ಮ ಫೋನು ಮಾಡಿದಾಗಲೆಲ್ಲ ಊಟದ ವಿಷಯ ಕೇಳಿ ಆದ ಮೇಲೆ ಅದನ್ನೂ ಕೇಳುತ್ತಾಳೆ. ನಿನ್ನೆಯೂ ಕೇಳಿದಳು.

"ಆ ಬಸ್ಸಿಗೆ ಒಂದ್ಸಲ ಹೋಗಿ ಬಾ, ತಮಾ. ಪಾಪ... ಎಷ್ಟ್ ದಿನ ಅಂತ ಸೀಟು ಇಡ್ತ ಅವ?"